ಹನ್ನೊಂದು ಮೊಳ

ಹಳೆಯ ನೀರಿನ ಪೈಪುಗಳ ಜಾಗ ಗುರುತಿಸಿಕೊಡಲು ಹೋದ ವರ್ಷ ನನ್ನನ್ನು ಅಫಜಲಪುರಕ್ಕೆ ಕರೆಸಿದ್ದರು. ಅಲ್ಲಿ ಒಬ್ಬ ಯುವ ಎಂಜಿನಿಯರ್ ನನ್ನ ಕಣ್ಣಿಗೆ ದಪ್ಪನೆಯ ಕನ್ನಡಕವೊಂದನ್ನು ಕಟ್ಟಿದರು. ಅಂಗಳ ನೋಡಿದರೆ ಮಣ್ಣಿನ ಮೇಲೆ ಒಂದು ನೀಲಿ ಗೆರೆ. ಅದು ಕೆಳಗಿರುವ ಪೈಪು, ಕಂಪ್ಯೂಟರಿನ ನಕ್ಷೆಯಿಂದ ಕನ್ನಡಕ ತೋರಿಸುತ್ತದೆ ಎಂದರು. ಬೇರೆ ಕಂಪನಿಯ ಕನ್ನಡಕ ಹಾಕಿಕೊಂಡವರಿಗೂ ಗೆರೆ ಇದೇ ಜಾಗದಲ್ಲಿ ಕಾಣುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಒಂದೊಂದು ಕಂಪನಿ ಅಳೆಯಲು ಶುರುಮಾಡುವ ಜಾಗ ಬೇರೆ, ಅಳತೆಯ ರೀತಿ ಬೇರೆ, ಅದನ್ನು ಹೊರಗಿನವರಿಗೆ ಬಿಟ್ಟುಕೊಡುವುದಿಲ್ಲ; ಎಲ್ಲರಿಗೂ ಒಂದೇ ರೀತಿ ಇರಬೇಕೆಂದು ಮಾತು ನಡೆದಿದೆಯಂತೆ. ನಾನು ಕನ್ನಡಕ ಬಿಚ್ಚಿ ಕೊಟ್ಟೆ. ಗೆರೆ ಇದ್ದ ಜಾಗವನ್ನು ಕಾಲಿನಿಂದ ತಟ್ಟಿ ನೋಡಿ ದಾಟಿದೆ. ನನಗೆ ವಯಸ್ಸಾಗಿದೆ ಎಂದು ಅವರು ಅಂದುಕೊಂಡಿರಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜೇವರ್ಗಿಯಿಂದ ಬಂದು ಅಫಜಲಪುರ ತಾಲ್ಲೂಕಿನ ಒಂದು ಊರಿನಲ್ಲಿ ನಳದ ಪೈಪು ಹಾಕುವ ಕೆಲಸಕ್ಕೆ ಅಳತೆ ಹಿಡಿಯುತ್ತಿದ್ದೆ. ಓಣಿಯ ಉದ್ದಕ್ಕೂ ಸೊಂಟದಾಳದ ಕಾಲುವೆ ತೋಡಿದ್ದರು. ಬೆಳಿಗ್ಗೆ ಸುಮಾರು ಹತ್ತು ಗಂಟೆ. ಟೇಪನ್ನು ದಂಡೆಯ ಮೇಲಿಟ್ಟು ಕಾಲುವೆಗೆ ಇಳಿದೆ. ಕಾಲ ಕೆಳಗಿನ ನೆಲ ಇಲ್ಲವಾಯಿತು.

ನಾನು ಬಿದ್ದದ್ದು ಹಗೇವಿನೊಳಗೆ. ಜೋಳ ಕೂಡಿಡಲು ನಮ್ಮ ಹಿರಿಯರು ನೆಲದಲ್ಲಿ ತೋಡುತ್ತಿದ್ದ ಕಣಜ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಬಾಯಿಗೆ ಬಂಡೆ ಮುಚ್ಚಿ ಮೇಲೆ ಮಣ್ಣೆಳೆದರೆ ಓಣಿಯಲ್ಲಿ ನಡೆಯುವವರಿಗೆ ಏನೂ ತಿಳಿಯದು. ಕಾಲುವೆ ಅದರ ಹೆಗಲನ್ನು ಕೊರೆದಿತ್ತು. ನಾನು ಬಿದ್ದ ಬೆನ್ನಿಗೇ ದಂಡೆಯ ಮಣ್ಣು ಜಾರಿ ಆ ತೂತು ಮುಚ್ಚಿಹೋಯಿತು.

ಕತ್ತಲೆ. ಮೊಣಕಾಲ ತನಕ ಮಣ್ಣು. ಹಳೆಯ ಹೊಟ್ಟಿನ ಮುಗ್ಗಲು ವಾಸನೆ. ಉಸಿರೆಳೆದರೆ ಎದೆ ತುಂಬುತ್ತಿರಲಿಲ್ಲ. ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಇದ್ದಷ್ಟು ಗಾಳಿಯೂ ಹೋದೀತೆಂದು ಗೀರಲಿಲ್ಲ. ಕೈಚಾಚಿ ಗೋಡೆ ಹಿಡಿದು ಒಂದು ಸುತ್ತು ಬಂದೆ. ಗೋಡೆಗೆ ಒತ್ತಿದ ಹುಲ್ಲು ಮುಟ್ಟಿದರೆ ಪುಡಿಯಾಗುತ್ತಿತ್ತು. ಮಣ್ಣು ಬೀಳದ ಕಡೆ ತಳವನ್ನೂ ತಡವಿದೆ. ಒಂದು ಕಾಳೂ ಸಿಗಲಿಲ್ಲ. ಆಗ ಅದು ದೊಡ್ಡ ಸಂಗತಿ ಅನ್ನಿಸಲಿಲ್ಲ.

ಮೇಲಿನ ಮಾತು ಗೊಣಗಿದಂತೆ ಕೇಳುತ್ತಿತ್ತು. ಒಂದಷ್ಟನ್ನು ನಾನೇ ಕೇಳಿದೆ; ಉಳಿದದ್ದನ್ನು ಕಾಲುವೆ ತೋಡಿಸುತ್ತಿದ್ದ ಮೇಸ್ತ್ರಿ ಮರುದಿನ ಹೇಳಿದ. ಬಿದ್ದ ಕಡೆಯೇ ಅಗೆದರೆ ಉಳಿದ ಮಣ್ಣೂ ನನ್ನ ತಲೆಯ ಮೇಲೆ ಕುಸಿಯುತ್ತಿತ್ತು. ಬಾಯಿಯನ್ನೇ ಹುಡುಕಿ ತೆಗೆಯಬೇಕು. ಅದು ಎಲ್ಲಿದೆ ಎಂಬುದು ಎದುರಿನ ಮನೆಯ ಹಿರಿಯರಿಗೆ ಮಾತ್ರ ಗೊತ್ತು. ಅವರು ಸಣ್ಣವರಿದ್ದಾಗ ಕೊನೆಯ ಸಲ ತೆಗೆದದ್ದಂತೆ. ಆಮೇಲೆ ಓಣಿಯ ನೆಲ ಎರಡು ಸಲ ಎತ್ತರವಾಗಿತ್ತು. ಉಳಿದಿದ್ದದ್ದು ಬಾಯಿಮಾತಿನ ಅಳತೆ. ಒಂದೊಂದು ಮನೆಗೂ ತನ್ನದೇ ಅಳತೆ. ಹೊಸ್ತಿಲಿನಿಂದ ಇಂಥ ಗುರುತಿಗೆ ನೇರ, ಇಷ್ಟು ಮೊಳ. ಯಜಮಾನ ಅದನ್ನು ಹಿರಿಮಗನ ಕಿವಿಯಲ್ಲಿ ಮಾತ್ರ ಹೇಳುತ್ತಿದ್ದ.

ಹಿರಿಯರು ಹೇಳಲು ಒಪ್ಪಲಿಲ್ಲ. ಆ ಹಗೇವು ನಮ್ಮದೇ ಎಂದು ಹೇಗೆ ಹೇಳುತ್ತೀರಿ ಎಂದೂ ಕೇಳಿದರಂತೆ. ಆಗ ಮೇಸ್ತ್ರಿಯ ದನಿ ನನಗೂ ಸ್ಪಷ್ಟವಾಗಿ ಕೇಳಿತು.

"ತಿಜೋರಿ ಕೀಲಿ ಕೇಳಾಕತ್ತಿಲ್ರಿ ಸಾವ್ಕಾರ್ರ. ಒಳಗ ಮನಶಾ ಅದಾನ."

ಕೊನೆಗೆ ಒಪ್ಪಿದರು. ಆದರೆ ಎಲ್ಲರೂ ಆ ಕಡೆ ಮುಖ ಮಾಡಿ ನಿಲ್ಲಬೇಕೆಂದರು. ನಿಂತರು. ಒಳಗೊಬ್ಬ ಉಸಿರು ಎಣಿಸುತ್ತಿರುವಾಗ ಇಡೀ ಓಣಿ ಬೆನ್ನು ತಿರುಗಿಸಿ ನಿಂತಿತ್ತು. ಮುದುಕರು ಬಗ್ಗಿ, ಹೊಸ್ತಿಲಿನಿಂದ ಮೊಣಕೈ ಊರುತ್ತ ಊರುತ್ತ ಒಬ್ಬರೇ ಅಳೆದರು. ಒಂದು ಕಡೆ ಕಲ್ಲಿಟ್ಟು, ಇಲ್ಲಿ ಅಗೆಯಿರಿ ಎಂದರು.

ಹಾರೆಯ ಮೊದಲ ಪೆಟ್ಟು ಕೇಳಿದಾಗ ಅತ್ತುಬಿಟ್ಟೆ. ಆಮೇಲೆ ಪೆಟ್ಟುಗಳನ್ನು ಎಣಿಸತೊಡಗಿದೆ. ನೂರರ ಆಚೆ ಎಣಿಕೆ ತಪ್ಪಿತು. ಸದ್ದು ನನ್ನ ತಲೆಯ ನೇರಕ್ಕಿರಲಿಲ್ಲ, ಪಕ್ಕಕ್ಕಿತ್ತು; ಟೊಳ್ಳು ಸದ್ದೂ ಅಲ್ಲ, ಗಟ್ಟಿ ನೆಲದ ಸದ್ದು. ಕೂಗಿದೆ. ಕೂಗಿದಷ್ಟೂ ಉಸಿರು ಕಡಿಮೆಯಾಯಿತು. ಕೂತೆ. ಪೆಟ್ಟು ನಿಂತಿತು. ಆ ಮೌನದಲ್ಲಿ ನನ್ನ ಕಿವಿಯ ಗುಂಯ್‌ಗುಡುವಿಕೆ ಬಿಟ್ಟು ಬೇರೇನೂ ಇರಲಿಲ್ಲ.

ಮೇಲೆ ಎದೆಯುದ್ದ ಅಗೆದರೂ ಬಂಡೆ ಸಿಕ್ಕಿರಲಿಲ್ಲ. ಹಿರಿಯರು ಮತ್ತೊಮ್ಮೆ ಅಳೆಯುತ್ತೇನೆಂದರು. ಅಳೆದರೆ ಮತ್ತೆ ಅಲ್ಲಿಗೇ ಬಂದರು. ಬಾಗಿಲ ಮರೆಯಲ್ಲಿ ಅವರ ಸೊಸೆ ನಿಂತಿದ್ದಳು. ಮಾವನ ಎದುರು ಮಾತಾಡುವ ರೂಢಿ ಇರಲಿಲ್ಲ. ಸೆರಗು ಮುಂದಕ್ಕೆಳೆದುಕೊಂಡು ಅಂದಳಂತೆ:

"ಅದು ನಿಮ್ಮ ಮೊಳ ಅಲ್ರಿ ಮಾವಾರ. ಮುತ್ಯಾನ ಮೊಳ. ಮುತ್ಯಾ ನಿಮಗಿಂತ ಎತ್ತರ ಇದ್ರಂತ."

ಅಳತೆ ಹೇಳಿದ ಮುತ್ಯಾ, ಎಂದರೆ ಹಿರಿಯರ ಅಪ್ಪ, ಸತ್ತು ಎಷ್ಟೋ ವರ್ಷವಾಗಿತ್ತು. ಅವರ ಕೈ ಎಲ್ಲಿಂದ ತರುವುದು ಎಂದು ಯಾರೋ ಕೇಳಿದರು. ಸೊಸೆ ತಲೆಬಾಗಿಲಿನ ಚೌಕಟ್ಟು ಮುಟ್ಟಿ ತೋರಿಸಿದಳು. ಅದನ್ನು ಮುತ್ಯಾ ತಮ್ಮ ಕೈಯಿಂದಲೇ ಅಳೆದು ಸರಿಯಾಗಿ ನಾಲ್ಕು ಮೊಳ ಎತ್ತರ ಮಾಡಿಸಿದ್ದರೆಂದು ಅತ್ತೆ ಹೇಳಿದ್ದು ಅವಳಿಗೆ ನೆನಪಿತ್ತು. ಮೇಸ್ತ್ರಿ ನನ್ನ ಟೇಪು ತಂದ. ಎಂಬತ್ತು ಇಂಚು. ಒಂದು ಮೊಳಕ್ಕೆ ಇಪ್ಪತ್ತು. ಹಿರಿಯರ ಮೊಳಕ್ಕೂ ಟೇಪು ಹಿಡಿದ: ಹದಿನೇಳೂವರೆ.

ಇನ್ನು ಬೇಕಾಗಿದ್ದದ್ದು ಎಷ್ಟು ಮೊಳ ಎಂಬುದೊಂದೇ. ಟೇಪು ಹಿಡಿದವನು ಮೇಸ್ತ್ರಿ, ಅವನಿಗೆ ಹೇಳದೆ ಗತಿಯಿಲ್ಲ. ಹಿರಿಯರು ಓಣಿಯನ್ನು ಒಮ್ಮೆ ನೋಡಿ, ಎಲ್ಲರೂ ಕೇಳುವಂತೆ ಅಂದರು.

"ಹನ್ನೊಂದು. ಬೇವಿನ ಗಿಡಕ್ಕ ನೇರ."

ಹದಿನೆಂಟು ಅಡಿ ನಾಲ್ಕು ಇಂಚು. ಮೊದಲ ಗುಂಡಿಗಿಂತ ಎರಡು ಅಡಿ ಚಿಲ್ಲರೆ ಆಚೆ. ನನಗೆ ಕೇಳಿದ್ದು ಹಾರೆ ಬಂಡೆಗೆ ತಾಗಿದ ಸದ್ದು, ನೆತ್ತಿಯ ಮೇಲೆಯೇ. ಬಂಡೆ ಸರಿದಾಗ ಬಿದ್ದ ಬೆಳಕನ್ನು ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಯಿತು, ಗಾಳಿ ಇದೆಯೇ ಎಂದು ತಿಳಿಯಲು. ಅದು ಸಣ್ಣಗಾಯಿತು, ಆರಲಿಲ್ಲ. ಆಮೇಲೆ ಹಗ್ಗ ಬಂತು.

ನನ್ನನ್ನು ಅವರದೇ ಮನೆಯ ಪಡಸಾಲೆಯಲ್ಲಿ ಮಲಗಿಸಿದರು. ಸೊಸೆ ಮಜ್ಜಿಗೆ ಕೊಟ್ಟಳು. ಕಂದೀಲಿನ ಬೆಳಕಿನಲ್ಲಿ ಮೇಲಿನವರಿಗೆ ನನ್ನ ಸುತ್ತಲಿನ ಮಣ್ಣಷ್ಟೇ ಕಂಡಿತ್ತು. ಹಗೇವಿನಲ್ಲಿ ಎಷ್ಟು ಚೀಲ ಉಳಿದಿದೆಯೋ ಎಂದು ಹೊರಗೆ ಜನ ಮಾತಾಡುತ್ತಿದ್ದರು. ಆ ಮನೆಯ ಹಗೇವು ತುಂಬಿದೆ ಎಂಬ ನಂಬಿಕೆಯ ಮೇಲೆ ಎರಡು ಸಂಬಂಧ ಕುದುರಿದ್ದವೆಂದು ಆಮೇಲೆ ತಿಳಿಯಿತು. ಹಿರಿಯರು ಬಂದು ಪಕ್ಕದಲ್ಲಿ ಕೂತರು. ನನ್ನ ಕೈಹಿಡಿದು, ಬಹಳ ಮೆಲ್ಲಗೆ ಕೇಳಿದರು.

"ಒಳಗ ಕೈಯಾಡಿಸಿ ನೋಡಿದ್ರೇನು?"

"ಕತ್ತಲಿತ್ರಿ," ಎಂದೆ. "ಏನೂ ತಿಳೀಲಿಲ್ಲ."

ಅವರು ತಲೆಯಾಡಿಸಿದರು. ನನ್ನನ್ನು ನಂಬಿದರೆಂದು ಅನ್ನಿಸಲಿಲ್ಲ.

ಕೆಲಸ ನಿಲ್ಲುವಂತಿರಲಿಲ್ಲ. ಮರುದಿನ, ಉಳಿದ ಹಗೇವುಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕೆಂದು, ಓಣಿಯ ಮೂಲೆಗಲ್ಲಿನಿಂದ ಅಡಿ ಇಂಚಿನಲ್ಲಿ ಅಳೆದುಕೊಳ್ಳಲು ಮನೆಮನೆಗೆ ಹೋದೆ. ಯಾರೂ ಹೇಳಲಿಲ್ಲ. ಒಬ್ಬರು ಚಹಾ ಕೊಟ್ಟು ಕಳಿಸಿದರು, ಇನ್ನೊಬ್ಬರು ತಮ್ಮಲ್ಲಿ ಹಗೇವೇ ಇಲ್ಲವೆಂದರು. ಹಿಂದಿನ ದಿನ ಬೆನ್ನು ತಿರುಗಿಸಿ ನಿಂತಿದ್ದವರೇ ಅವರೆಲ್ಲ. ಆ ನಕ್ಷೆಯ ಹಾಳೆಯಲ್ಲಿ ಒಂದೇ ಹಗೇವಿನ ಗುರುತು ಇದೆ. ಉಳಿದ ಓಣಿಯಲ್ಲಿ ನಾನು ಪ್ರತಿ ಹೆಜ್ಜೆಯನ್ನೂ ಹಾರೆಯಿಂದ ತಟ್ಟಿ, ಸದ್ದು ಕೇಳಿ ಇಟ್ಟೆ.