ವರ್ಗವಾಗಿ ಹೋಗುವವರಿಗೆ ಮರಿ ಇಲ್ಲ

ಕಮಲಾಕ್ಷಮ್ಮ ಬೈಲಹೊಂಗಲದ ಕಡೆಯವರು. ಗಂಡ ಭೀಮಸೇನರಾಯರು ತಂತಿ ಇಲಾಖೆಯಲ್ಲಿ ಗುಮಾಸ್ತರು. ೧೯೬೬ರಲ್ಲಿ ಅವರದೂ ನಮ್ಮದೂ ಗೋಡೆಗೆ ಗೋಡೆ ಅಂಟಿದ ಬಾಡಿಗೆ ಮನೆ, ಗುಜರಾತಿನ ಮಣಿನಗರ ಸ್ಟೇಷನ್ನಿಗೆ ಹತ್ತು ನಿಮಿಷದ ಹಾದಿ. ಹನ್ನೆರಡು ಮನೆಗಳ ಸೊಸೈಟಿ. ಅದಕ್ಕೊಬ್ಬರು ಸೆಕ್ರೆಟರಿ, ನಾಥಾಲಾಲ್ ಎಂದು.

ಕಮಲಾಕ್ಷಮ್ಮನಿಗೆ ಆಗ ನಲವತ್ತೆರಡು ವರ್ಷ. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ಎತ್ತರದ ಹೆಂಗಸು, ಧ್ವನಿಯೂ ಹಾಗೆಯೇ. ಗಂಡನ ಹಿಂದೆ ಇಪ್ಪತ್ತು ವರ್ಷದಲ್ಲಿ ಆರು ಊರು ತಿರುಗಿದ್ದರೂ ಯಾವ ಊರಿನ ಭಾಷೆಯನ್ನೂ ನೆಟ್ಟಗೆ ಕಲಿತಿರಲಿಲ್ಲ. ಗುಜರಾತಿಗಳೊಡನೆ ಕನ್ನಡದಲ್ಲೇ ಜಗಳವಾಡುತ್ತಿದ್ದರು. ಅದನ್ನು ಗುಜರಾತಿಗೆ ತಿರುಗಿಸಿ ಹೇಳುವ ಕೆಲಸ ನನ್ನದಾಗಿತ್ತು.

ಆ ವರ್ಷದ ಡಿಸೆಂಬರಿನಲ್ಲಿ ಕುರಿ ಕಾಯುವ ಭರವಾಡರ ಹಿಂಡೊಂದು ನಮ್ಮ ಹಿಂದಿನ ರಸ್ತೆಯಲ್ಲಿ ಹಾದುಹೋಯಿತು. ಅದರ ಕಾವಲು ನಾಯಿ ಲಾರಿಗೆ ಸಿಕ್ಕಿ ಹಿಂಗಾಲು ಮುರಿದುಕೊಂಡಿತು. ಕರುವಿನಷ್ಟು ದೊಡ್ಡ ಹೆಣ್ಣುನಾಯಿ, ಅದೂ ಗಬ್ಬದ್ದು. ಹಿಂಡಿನ ಯಜಮಾನ ಮೇರಾಭಾಯಿ ಅದರ ತಲೆ ಮುಟ್ಟಿ ನೋಡಿದ. "ನಡೆಯಲಾರದು. ನನ್ನ ಹತ್ತಿರ ಗಾಡಿ ಇಲ್ಲ. ಬದುಕುವುದಿದ್ದರೆ ಬದುಕುತ್ತದೆ" ಎಂದು ಹೇಳಿ ಮುನ್ನೂರು ಕುರಿಗಳ ಹಿಂದೆ ನಡೆದುಬಿಟ್ಟ. ಕಮಲಾಕ್ಷಮ್ಮ ಅವನ ಬೆನ್ನಿಗೆ ಕೇಳುವಂತೆ ಬೈದರು. ಆಮೇಲೆ ನನ್ನನ್ನೂ ಕರೆದು, ಗೋಣಿತಾಟಿನ ಮೇಲೆ ಎಳೆದು ನಾಯಿಯನ್ನು ತಮ್ಮ ಹಿತ್ತಿಲಿಗೆ ತಂದರು. ಬಿದಿರ ಸೀಳು ಕಟ್ಟಿ ಕಾಲು ಕೂಡಿಸಿದರು. ಮಲ್ಲವ್ವ ಎಂದು ಹೆಸರಿಟ್ಟರು. ಭೀಮಸೇನರಾಯರು ಮಡಿಯ ಮಾತೆತ್ತಿದಾಗ, "ಮಡಿ ನಿಮ್ಮದು, ಹಿತ್ತಲಾ ನಂದು" ಎಂದು ಅಲ್ಲಿಗೇ ಮುಗಿಸಿದರು.

ಜನವರಿಯಲ್ಲಿ ಮಲ್ಲವ್ವ ಐದು ಮರಿ ಹಾಕಿದಳು. ತಂದೆ ಯಾವ ಜಾತಿಯೋ ಏನೋ. ಎರಡಕ್ಕೆ ಗಿರಣಿ ಮಾಲೀಕರ ಬಂಗಲೆಗಳ ನಾಯಿಗಳಂತೆ ಕಪ್ಪು ಮೂತಿ, ನೆಟ್ಟಗಿನ ಕಿವಿ. ಉಳಿದ ಮೂರು ತಾಯಿಯ ಹಾಗೆ ಬೂದಿ ಬಣ್ಣದವು. ಪಂಜ ಮಾತ್ರ ಐದಕ್ಕೂ ಆಗಲೇ ದೊಡ್ಡವು.

ಮೂರನೇ ದಿನ ನಾಥಾಲಾಲ್ ಇಬ್ಬರನ್ನು ಕರೆದುಕೊಂಡು ಬಂದರು. ಒಬ್ಬನ ಕೈಯಲ್ಲಿ ಖಾಲಿ ಗೋಣಿಚೀಲ. "ಬೆನ್, ನಾವು ಇರುವೆಯನ್ನೂ ಕೊಲ್ಲುವವರಲ್ಲ. ನದಿಯಾಚೆ ಬಿಟ್ಟುಬರುತ್ತೇವೆ, ಅಷ್ಟೇ" ಎಂದರು. ನಾನು ತಿರುಗಿಸಿ ಹೇಳಿದೆ.

ಕಮಲಾಕ್ಷಮ್ಮ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತರು. "ಕಣ್ಣು ತಗೀಲಾರದ ಮರೀನ ನದೀ ಆಚೆ ಬಿಡೂದಕ್ಕ ಇವರ ಭಾಷಾದಾಗ ಏನಂತಾರ, ಕೇಳು ವೇದಾ. ನಮ್ಮ ಕಡೆ ಅದಕ್ಕ ಕೊಲ್ಲೂದು ಅಂತಾರ."

ನಾನು ಸ್ವಲ್ಪ ಮೆತ್ತಗೆ ಮಾಡಿ ಹೇಳಿದೆ. ಆದರೂ ನಾಥಾಲಾಲರ ಮುಖ ಕೆಂಪಾಯಿತು. ಹೋಳಿಯೊಳಗೆ ಮರಿಗಳು ಹೋಗದಿದ್ದರೆ ಮನೆ ಖಾಲಿ ಮಾಡಬೇಕೆಂದು ಹೇಳಿ ಹೋದರು.

"ಹೋಳಿ ಒಳಗ ಕಳಸ್ತೀನಿ," ಎಂದರು ಕಮಲಾಕ್ಷಮ್ಮ ಅವರು ಹೋದ ಮೇಲೆ. "ಆದರ ಎಲ್ಲಿಗೆ ಅನ್ನೂದು ನಾ ನೋಡ್ತೀನಿ, ಅವರಲ್ಲ."

ಮರಿ ಬೇಕೆನ್ನುವವರು ಬಹಳ ಜನ ಬಂದರು. ಭರವಾಡರ ನಾಯಿಯ ಮರಿ ಎಂದರೆ ಕಾವಲಿಗೆ ಎರಡು ಮಾತಿಲ್ಲ ಎಂದು ಊರಿಗೆಲ್ಲ ಗೊತ್ತು. ಬಂದವರನ್ನು ಅವರು ಮೆಟ್ಟಿಲ ಮೇಲೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ನೀವು ಊರಿಗೆ ಹೋದ ದಿನ ಇದಕ್ಕೆ ರೊಟ್ಟಿ ಹಾಕುವವರು ಯಾರು? ಮಳೆ ಬಂದರೆ ಎಲ್ಲಿ ಮಲಗುತ್ತದೆ? ಹಲ್ಲು ಬಿದ್ದು ಕಾವಲಿಗೆ ಬಾರದಂತಾದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಮುಗುಳ್ನಕ್ಕವರನ್ನು ಹಾಗೇ ಎಬ್ಬಿಸಿ ಕಳಿಸುತ್ತಿದ್ದರು. ಮಗನ ಹುಟ್ಟುಹಬ್ಬಕ್ಕೆ ಮರಿ ಕೇಳಲು ಬಂದವರಿಗೆ, "ಗೊಂಬಿ ಕೊಡಸ್ರಿ" ಎಂದರು.

ಒಂದು ಭಾನುವಾರ ಭೀಮಸೇನರಾಯರ ಮೇಲಧಿಕಾರಿ ಪಟ್ಟಾಭಿರಾಮಯ್ಯನವರೇ ಬಂದರು. ರಾಯರು ಕುರ್ಚಿ ಒರೆಸಿದರು. ನಾನು ಕಾಫಿ ಮಾಡಿಕೊಟ್ಟೆ. ಪಟ್ಟಾಭಿರಾಮಯ್ಯನವರು ಕಪ್ಪು ಮೂತಿಯ ಮರಿಯೊಂದನ್ನು ಮಡಿಲಿಗೆ ಎತ್ತಿಕೊಂಡು, "ಭೀಮಸೇನರೇ, ಇದು ನಮಗಿರಲಿ" ಎಂದರು.

ರಾಯರು ಬಾಯಿ ತೆರೆಯುವ ಮೊದಲೇ ಕಮಲಾಕ್ಷಮ್ಮ ಕೇಳಿದರು: "ಬರೋಡಾದಾಗ ನಾವು ಇದ್ದಾಗ ನಿಮ್ಮ ಮನ್ಯಾಗ ಒಂದು ನಾಯಿ ಇತ್ತಲ್ಲರೀ, ರಾಜಾ ಅಂತ. ಈಗ ಎಲ್ಲದ ಅದು?"

"ಅದೇ? ನಮಗೆ ವರ್ಗ ಆಯಿತಲ್ಲಮ್ಮ. ಕ್ವಾರ್ಟರ್ಸ್ ಹತ್ತಿರವೇ ಬಿಟ್ಟು ಬಂದೆವು. ಯಾರಾದರೂ ಅನ್ನ ಹಾಕುತ್ತಾರೆ."

"ಯಾರಾದರೂ ಅಂದ್ರ ಯಾರ್ರೀ? ಅವರ ಹೆಸರೇನು?"

ಅವರು ಮರಿಯ ಕಿವಿ ಸವರತೊಡಗಿದರು.

"ಹನ್ನೊಂದು ದಿವಸ ಅದು ನಿಮ್ಮ ಕೀಲಿ ಹಾಕಿದ ಬಾಗಲಾ ಮುಂದ ಕೂತಿತ್ತು. ದಿನಾ ನಾ ರೊಟ್ಟಿ ಒಯ್ದು ಇಡ್ತಿದ್ದೆ. ತಿನ್ನಲಿಲ್ಲ. ಹನ್ನೆರಡನೇ ದಿವಸ ಹೋದಾಗ ಅಲ್ಲೆ ಇರಲಿಲ್ಲ." ಅವರು ಮರಿಯನ್ನು ಸಾಹೇಬರ ಮಡಿಲಿನಿಂದ ತೆಗೆದುಕೊಂಡರು. "ವರ್ಗ ಆಗೋರಿಗೆ ನಾ ಮರಿ ಕೊಡಂಗಿಲ್ಲ. ಕಾಫಿ ಆರತದ, ಕುಡೀರಿ."

ಸಾಹೇಬರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ರಾಯರು ಗೇಟಿನವರೆಗೆ ಹೋಗಿ ಕಳಿಸಿ ಬಂದು, ತಲೆಯ ಮೇಲೆ ಕೈ ಹೊತ್ತು ಕೂತರು. "ನನ್ನ ನೌಕರಿ ನಿನ್ನ ನಾಯಿಗಿಂತ ಸಣ್ಣದಾತೇನು?" ಎಂದು ಕೇಳಿದರು. ಕಮಲಾಕ್ಷಮ್ಮ ಮರಿಯನ್ನು ಕೆಳಗಿಡಲಿಲ್ಲ.

ಸಂಜೆ ನಾನೂ ಕೇಳಿದೆ. ಬೂದಿ ಬಣ್ಣದ ಒಂದು ಮರಿ ನನ್ನ ಸೆರಗು ಕಂಡರೆ ಓಡಿಬರುತ್ತಿತ್ತು. "ಇದನ್ನು ನನಗೆ ಕೊಡಿ ಕಮಲಾಕ್ಷಮ್ಮ. ನಾನು ಬಿಟ್ಟುಹೋಗುವವಳಲ್ಲ ಅಂತ ನಿಮಗೇ ಗೊತ್ತು."

"ನಿನ್ನ ಗಂಡ ಇನ್ಶೂರೆನ್ಸದಾಗ ಇದ್ದಾನ. ನಾಳೆ ನಾಗಪೂರಕ್ಕ ಒಗದ್ರ ಏನ ಮಾಡ್ತಿ?"

"ವರ್ಗ ನಿಮಗೂ ಆಗುತ್ತಲ್ಲ."

"ಅದಕ್ಕ ನಾನೂ ಒಂದು ಮರೀನೂ ಇಟಗೊಳ್ಳಾಂಗಿಲ್ಲ. ತಾಯಿ ಮಾತು ಬ್ಯಾರೆ. ಅಕೀನ್ನ ಒಮ್ಮೆ ಬಿಟ್ಟಾಗದ. ಎರಡನೇ ಸಲ ಬಿಡಾಕ ನಾ ತಯಾರಿಲ್ಲ."

ನಾಲ್ಕು ದಿನ ನಾನು ಅವರೊಡನೆ ಮಾತಾಡಲಿಲ್ಲ. ಮುಂದೆ ಹದಿನೆಂಟು ವರ್ಷ ನಮಗೆ ವರ್ಗವೇ ಆಗಲಿಲ್ಲ. ಒಮ್ಮೆ ಅದನ್ನು ಎತ್ತಿ ಆಡಿದಾಗ, "ಆಗಬಹುದಿತ್ತಲ್ಲ" ಎಂದರೇ ಹೊರತು ತಪ್ಪಾಯಿತು ಎನ್ನಲಿಲ್ಲ. ಆಗ ಮಾತ್ರ ಐದನೆಯ ದಿನ ನಾನೇ ಅವರ ಮನೆಗೆ ಹೋದೆ. ಮೆಟ್ಟಿಲ ಮೇಲೆ ಎಮ್ಮೆ ಸಾಕುವವನೊಬ್ಬನಿಗೆ ಅವರು ಕೈಸನ್ನೆಯಲ್ಲಿ ಮುದಿತನವನ್ನು ವಿವರಿಸುತ್ತಿದ್ದರು, ನೋಡಲಾಗಲಿಲ್ಲ.

ಅವನು ಇಸನಪುರದ ಹಾಲಿನವನು. ಹಲ್ಲು ಬಿದ್ದ ಮೇಲೆ ಏನು ಮಾಡುತ್ತೀ ಎಂದು ನಾನು ಕೇಳಿದ್ದಕ್ಕೆ, "ನಮ್ಮಪ್ಪನಿಗೂ ಹಲ್ಲಿಲ್ಲ, ಹಾಲಿನಲ್ಲಿ ರೊಟ್ಲಾ ನೆನೆಸಿ ಕೊಡುತ್ತೇವೆ" ಎಂದ. ಅವನಿಗೆ ಮೊದಲ ಮರಿ ಸಿಕ್ಕಿತು. ಎರಡನೆಯದು ಕಾಂಕರಿಯಾ ಕೆರೆಯ ಬಳಿ ಒಬ್ಬಳೇ ಇದ್ದ ಶಾಲೆಯ ಆಯಾಗೆ. ನನ್ನ ಸೆರಗಿಗೆ ಬರುತ್ತಿದ್ದ ಮರಿ ವಟವಾದಲ್ಲಿ ಹೂತೋಟ ಇಟ್ಟಿದ್ದ ದಂಪತಿಗೆ ಹೋಯಿತು. ನಾಲ್ಕನೆಯದು ಅದೇ ತೋಟದಾಕೆಯ ತಂಗಿಗೆ. ಕಪ್ಪು ಮೂತಿಯ ಕೊನೆಯದನ್ನು ನರೋಡಾದಿಂದ ಬಂದ ಒಬ್ಬ ಹೆಂಗಸಿಗೆ ಕೊಟ್ಟರು. ಆಕೆಯ ಗಂಡ ಅಲ್ಲಿ ಹೊಸದಾಗಿ ಎದ್ದ ಬಣ್ಣದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಮನೆಯಲ್ಲೇ ಸಾಕುತ್ತೇವೆ ಎಂದು ಆಕೆ ದೇವರ ಮೇಲೆ ಆಣೆ ಇಟ್ಟಳು. ಹೋಳಿಗೆ ಆಗ ಎರಡು ದಿನವಿತ್ತು.

ಕೊಟ್ಟ ಮೇಲೂ ಅವರು ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ನನ್ನನ್ನು ಹೊರಡಿಸಿಕೊಂಡು ಒಂದೊಂದು ಮನೆಗೆ ಹೋಗಿ, ಮರಿಯ ಹೊಟ್ಟೆ ಮುಟ್ಟಿ ನೋಡಿ ಬರುತ್ತಿದ್ದರು. ನರೋಡಾ ದೂರವೆಂದು ಅಲ್ಲಿಗೆ ಹೋಗಿದ್ದು ಮೇ ತಿಂಗಳಲ್ಲಿ. ಮನೆಯಲ್ಲಿ ನಾಯಿ ಇರಲಿಲ್ಲ. ಆ ಹೆಂಗಸು ನೆಲ ನೋಡುತ್ತ, "ಅವರು ಕಾರ್ಖಾನೆಗೆ ಒಯ್ದರು" ಎಂದಳು.

ಕಾರ್ಖಾನೆಯ ಅಂಗಳದಲ್ಲಿ, ಬಿಸಿಲಲ್ಲಿ ಒಂದು ಡ್ರಮ್ಮಿಗೆ ಅದನ್ನು ಕಟ್ಟಿದ್ದರು. ಸರಪಳಿ ಎರಡು ಅಡಿಯಿದ್ದೀತು. ಮೊಣಕಾಲಿನವರೆಗೆ ಹಳದಿ ಬಣ್ಣ ಹತ್ತಿತ್ತು, ಕುತ್ತಿಗೆ ಉಜ್ಜಿ ಹಸಿಯಾಗಿತ್ತು. ಕಮಲಾಕ್ಷಮ್ಮ ಗೇಟಿನವನನ್ನು ದಾಟಿ ನೆಟ್ಟಗೆ ಒಳಗೆ ಹೋಗಿ ಸರಪಳಿ ಬಿಚ್ಚತೊಡಗಿದರು.

ಸೂಪರ್‌ವೈಸರ್ ಓಡಿಬಂದ. "ಕಟ್ಟಿದರೆ ನಾಯಿಗೆ ಸಿಟ್ಟು ಬರುತ್ತದೆ. ಸಿಟ್ಟಿದ್ದರೇ ಕಾವಲು," ಎಂದ.

"ಸಿಟ್ಟು ಬೇಕಂತೇನು?" ನಾನು ಅದನ್ನು ಗುಜರಾತಿಗೆ ತಿರುಗಿಸುವಷ್ಟರಲ್ಲಿ ಕಮಲಾಕ್ಷಮ್ಮ ತಮ್ಮ ಸೆರಗಿನ ಅಂಚು ಹರಿದು ಮರಿಯ ಕೊರಳಿಗೆ ಸಡಿಲವಾಗಿ ಕಟ್ಟಿದ್ದರು. "ನಂದು ನೋಡ್ಲಿ."

ನಾಯಿ ಕಂಪನಿಯದು, ಪೊಲೀಸರಿಗೆ ಹೇಳುತ್ತೇನೆ ಎಂದು ಅವನು ದಾರಿಗೆ ಅಡ್ಡ ಬಂದ.

"ಹೇಳ್ಲಿ. ಕಮಲಾಕ್ಷಿ ಭೀಮಸೇನ, ಮಣಿನಗರ. ಬರಕೊಳ್ಳಾಕ ಹೇಳು ವೇದಾ. ಅಕ್ಷರ ತಪ್ಪದಂಗ ಬರೀಲಿ."

ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಕೆಲಸದ ಆಳುಗಳು ಸುತ್ತ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬ ಹೋಗಿ ಗೇಟು ತೆರೆದ.

ಬಸ್ಸಿನ ಕಂಡಕ್ಟರ್ ನಾಯಿಯನ್ನು ಹತ್ತಿಸಲಿಲ್ಲ. ಏಳು ಮೈಲಿ ನಡೆದೆವು. ಅರವಟ್ಟಿಗೆಯೊಂದರಲ್ಲಿ ನೀರು ಹಾಕುತ್ತಿದ್ದ ಮುದುಕಿ ನಮಗಿಂತ ಮೊದಲು ನಾಯಿಗೆ ಕುಡಿಸಿ, ಅದರ ಹಳದಿ ಕಾಲು ತೊಳೆದಳು. ಬಣ್ಣ ಹೋಗಲಿಲ್ಲ. ಕಮಲಾಕ್ಷಮ್ಮ ಅಲ್ಲಿ ಬೇವಿನ ನೆರಳಲ್ಲಿ ಕೂತು ಅತ್ತರು. "ಆಣಿ ಇಟ್ಟಳು ಅಂತ ನಂಬಿದೆ. ಮನೀಗೆ ಹೋಗಿ ನೋಡಿ ಕೊಡಬೇಕಾಗಿತ್ತು" ಎಂದರು. ಪೊಲೀಸರು ಯಾರೂ ಬರಲಿಲ್ಲ.

ಜೂನ್ ಮೊದಲ ವಾರ ಭರವಾಡರ ಹಿಂಡು ಮಳೆಗೆ ಮುಂಚೆ ತಮ್ಮೂರ ಕಡೆ ಹಿಂದಿರುಗಿತು. ಮೇರಾಭಾಯಿ ಮನೆಮನೆ ಕೇಳಿಕೊಂಡು ಬಂದು ನಮ್ಮ ಗೇಟಿನಲ್ಲಿ ನಿಂತ. ಮಲ್ಲವ್ವ ಕುಂಟುತ್ತಲೇ ಹೋಗಿ ಅವನ ಕೈ ನೆಕ್ಕಿದಳು.

"ಈಗ ಯಾಕ ಬಂದ, ಕೇಳು," ಎಂದರು ಕಮಲಾಕ್ಷಮ್ಮ.

"ಬದುಕಿದೆಯೋ ಇಲ್ಲವೋ ನೋಡಲು ಬಂದೆ," ಎಂದ ಅವನು. "ಆರು ತಿಂಗಳು ಅದೊಂದೇ ತಲೆಯಲ್ಲಿತ್ತು. ಒಯ್ಯಲು ಬಂದವನಲ್ಲ. ಅದೀಗ ನಿಮ್ಮದು."

ಕಮಲಾಕ್ಷಮ್ಮ ಮಾಮೂಲಿನ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಒಳಗೆ ಹೋಗಿ ಹಳದಿ ಕಾಲಿನ ಮರಿಯನ್ನು ತಂದು ಅವನ ಮುಂದೆ ಬಿಟ್ಟರು. "ಬಿಟ್ಟು ಹೋದಾಂವ ತಿರುಗಿ ಬಂದದ್ದು ನಾ ಇವನೊಬ್ಬನ್ನ ನೋಡೀನಿ. ಇದನ್ನ ಕಟ್ಟಬ್ಯಾಡ ಅನ್ನು."

"ಕಟ್ಟಿದರೆ ಕುರಿ ಕಾಯುವುದು ಹೇಗೆ?" ಎಂದ ಮೇರಾಭಾಯಿ. ಮರಿ ಮೊದಲು ಹೆದರಿತು. ಕುರಿಗಳ ವಾಸನೆ ಹಿಡಿದ ಮೇಲೆ ಹಿಂದಿರುಗಿ ನೋಡಲಿಲ್ಲ.

ಅದೇ ತಿಂಗಳ ಕೊನೆಗೆ ಭೀಮಸೇನರಾಯರಿಗೆ ಸೂರತ್ತಿಗೆ ವರ್ಗವಾಯಿತು. ಸಾಹೇಬರ ಕೋಪವೋ ಸರದಿಯೋ ಯಾರಿಗೂ ತಿಳಿಯಲಿಲ್ಲ. ರಾಯರು ಅದರ ಬಗ್ಗೆ ಹೆಂಡತಿಗೆ ಒಂದು ಮಾತೂ ಆಡಲಿಲ್ಲ. ತಾವೇ ಹೋಗಿ ರೈಲಿನಲ್ಲಿ ನಾಯಿಯ ಪೆಟ್ಟಿಗೆಗೆ ಚೀಟಿ ಮಾಡಿಸಿ ತಂದರು. ಗಾಡಿ ಬರೋಡಾದಲ್ಲಿ ನಿಂತಾಗ ಕಮಲಾಕ್ಷಮ್ಮ ತಂಬಿಗೆ ಹಿಡಿದು ಗಾರ್ಡಿನ ಡಬ್ಬಿಯವರೆಗೆ ಓಡಿದರಂತೆ. ಸೀಟಿ ಊದಿದರೂ, ನಾಯಿ ನೀರು ಕುಡಿದು ಮುಗಿಸುವವರೆಗೆ ಬಾಗಿಲು ಬಿಡಲಿಲ್ಲವಂತೆ.

ಸೂರತ್ತಿನಲ್ಲಿ ಮನೆ ಸಿಗುವುದು ಕಷ್ಟವಾಯಿತು. ನಾಯಿ ಬೊಗಳುತ್ತದೆಯೇ ಎಂದು ಮಾಲೀಕರು ಕೇಳುತ್ತಿದ್ದರು. ಇಲ್ಲ ಎಂದುಬಿಡು ಎಂದು ರಾಯರು ಅಂಗಲಾಚಿದರೂ ಅವರು, "ಬೊಗಳತದ. ಅದಕ್ಕ ಬಾಯದ" ಎಂದೇ ಹೇಳಿದರು. ಹದಿನಾಲ್ಕು ಮನೆ ಕೈತಪ್ಪಿತು. ಕೊನೆಗೆ ಉಧ್ನಾದಲ್ಲಿ ಮಗ್ಗದ ಶೆಡ್ಡಿನ ಹಿಂದೆ ಎರಡು ಕೋಣೆ ಸಿಕ್ಕಿದವು. ಮರುವರ್ಷ ನಾನು ಹೋದಾಗ, ಯಂತ್ರದ ಗದ್ದಲಕ್ಕೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಮಲ್ಲವ್ವ ಹೊಸ್ತಿಲ ಮೇಲೆ ಕಾಲು ಚಾಚಿ ಮಲಗಿದ್ದಳು. ರಾಯರು ಅವಳನ್ನು ದಾಟಿಕೊಂಡು ಕಚೇರಿಗೆ ಹೊರಟರು.