ಬೇರೆ ಗ್ರಹಕ್ಕೆ ಹೋದ ಮುದುಕಿ

ನಮ್ಮ ಮನೆಯಲ್ಲಿ ಮಾತಿಗೆ ಕನ್ನಡ, ಗುಟ್ಟಿಗೆ ತೆಲುಗು. ಚಿಕ್ಕಬಳ್ಳಾಪುರದಲ್ಲಿ ಇದೇನು ದೊಡ್ಡ ವಿಷಯವಲ್ಲ, ನಮ್ಮ ಬೀದಿಯ ಅರ್ಧ ಮನೆಗಳು ಹೀಗೇ. ನಾನೂ ನನ್ನ ತಂಗಿಯೂ ಚಿಕ್ಕವರಿದ್ದಾಗ, ಯಾರೋ ಮನೆ ಬಿಟ್ಟು ಓಡಿಹೋದರು, ಯಾರಿಗೋ ಬಸಿರು ನಿಲ್ಲಲಿಲ್ಲ ಅನ್ನೋ ಮಾತು ಬಂದ ತಕ್ಷಣ ನಮ್ಮಮ್ಮ ನಮ್ಮ ಕಡೆ ಒಂದು ಕಣ್ಣು ಹಾಯಿಸಿ ತೆಲುಗಿಗೆ ತಿರುಗಿಬಿಡೋಳು. ಹತ್ತು ವರ್ಷ ತುಂಬೋದರೊಳಗೆ ನಾವಿಬ್ಬರೂ ಕದ್ದು ಕೇಳಿ ಕೇಳಿಯೇ ತೆಲುಗು ಕಲಿತಿದ್ದೆವು. ಇಷ್ಟೆಲ್ಲ ಗೊತ್ತಿದ್ದವಳು ನಾನು. ಆದರೂ ನನ್ನ ಸರದಿ ಬಂದಾಗ ನಾನೂ ಅದನ್ನೇ ಮಾಡಿದೆ. ದಿನಾ ಪೆರೇಸಂದ್ರದ ಕಡೆ ಬಸ್ಸು ಹತ್ತಿ ಹೋಗಿ ಮೂವತ್ತು ಮಕ್ಕಳಿಗೆ ಪಾಠ ಹೇಳೋ ಟೀಚರಮ್ಮ. ತಲೆಯಲ್ಲಿ ಮಾತ್ರ ಬರೀ ಲದ್ದಿ.

ತಂಗಿಯನ್ನು ಮಂಡ್ಯದ ಕಡೆ ಕೊಟ್ಟಿದ್ದೆವು. ಒಬ್ಬಳೇ ಮಗಳು, ಎಂಟು ವರ್ಷ. ಏಪ್ರಿಲ್‌ನಲ್ಲಿ ಇಬ್ಬರೂ ನಮ್ಮ ಮನೆಗೆ ಬಂದರು, ಬೇಸಿಗೆ ರಜಕ್ಕೆ ಬಂದ ಹಾಗೇ ಬಂದರು. ತಂಗಿಗೆ ಆಗಲೇ ಮೈ ಇಳಿದುಹೋಗಿತ್ತು. ಆದರೂ ಮಗಳ ಮಾರ್ಕ್ಸ್ ಕಾರ್ಡನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಬಂದಿದ್ದಳು. ಹಾಲಿನವನಿಗೂ ತೋರಿಸಿದಳು. "ನಿನ್ ಮಗಳೇನು ಕಲೆಕ್ಟರಾದ್ಲೇನೇ?" ಅಂತ ನಾನು ರೇಗಿಸಿದ್ದೆ.

ಮೇ ತಿಂಗಳಲ್ಲಿ ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಮಗುವನ್ನು ಮಂಚೇನಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಗೆ ಕಳಿಸಿದೆ. ಒಂಬತ್ತು ದಿನಕ್ಕೆ ತಂಗಿ ತೀರಿಕೊಂಡಳು. ಮಣ್ಣೂ ಆಯಿತು, ಹನ್ನೊಂದನೇ ದಿನದ ತಿಥಿಯೂ ಆಯಿತು. ಅಷ್ಟೂ ದಿನ ಮಗು ಮಂಚೇನಹಳ್ಳಿಯಲ್ಲೇ ಇತ್ತು. ಅವಳ ಅಪ್ಪ ನನ್ನ ಮುಂದೆ ತಲೆ ತಗ್ಗಿಸಿ ನಿಂತು, "ನನ್ ಕೈಲಾಗಲ್ಲ ಅಕ್ಕ, ನೀವೇ ಹೆಂಗಾರ ಮಾಡಿ ಹೇಳಿ" ಅಂದು ಮಂಡ್ಯದ ಬಸ್ಸು ಹತ್ತಿದರು. ನಾನು ಮಗುವನ್ನು ಕರೆದುಕೊಂಡು ಬಂದು, "ಅಮ್ಮಂಗೆ ಇನ್ನೂ ವಾಸಿಯಾಗಿಲ್ಲ ಕಣಮ್ಮ, ದೂರದ ಆಸ್ಪತ್ರೆಗೆ ಕರ್ಕೊಂಡ್ ಹೋಗಿದಾರೆ, ಅಲ್ಲಿ ಫೋನ್ ಮಾಡಂಗಿಲ್ಲ" ಅಂದೆ. ಅವಳು "ಹ್ಞೂಂ" ಅಂದಳು. ಇನ್ನೇನೂ ಕೇಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಆವತ್ತಿಂದ ತಂಗಿಯ ಮಾತೆಲ್ಲ ತೆಲುಗಿನಲ್ಲಿ. ಮಂಡ್ಯದ ಮಗು, ತೆಲುಗಿನ ಗಾಳಿಯೂ ಸೋಕದ್ದು. ಅಮ್ಮ ಅಳುತ್ತಾ ಕೂತರೆ ನಾನು, "ಚಿನ್ನಪಿಲ್ಲ ಉಂದಿ" ಅಂತಿದ್ದೆ, ಮಗು ಇದೆ ಅಂತ. ಅಮ್ಮ ಸೆರಗಲ್ಲಿ ಮೂಗು ಒರೆಸಿಕೊಂಡು ಅದೇ ಅಳುವನ್ನು ತೆಲುಗಿನಲ್ಲಿ ಮುಂದುವರಿಸೋಳು.

ಜೂನ್‌ನಲ್ಲಿ ಮಗುವನ್ನು ಮನೆ ಹತ್ತಿರದ ಶಾಲೆಗೆ ಹಾಕಿದೆ. ಸಾಯಂಕಾಲ ಅವಳಿಗೊಂದು ಕಾರ್ಟೂನು ಅಂಟಿಕೊಂಡಿತು. ಜಪಾನಿನದು. ಒಂದು ಮುರುಕಲು ಆಕಾಶನೌಕೆ, ಅದರಲ್ಲೊಂದು ಹೋಟೆಲು. ಗ್ರಹದಿಂದ ಗ್ರಹಕ್ಕೆ ಹೋಗಿ ಸಾರು ಮಾರುತ್ತಾರೆ. ಕ್ಯಾಪ್ಟನ್ ಒಬ್ಬ ಹೇಡಿ, ಅಡುಗೆ ಮಾಡೋ ರೋಬೋಟಿನ ತಲೆ ಆಗಾಗ ಸಾರಿನೊಳಕ್ಕೆ ಬೀಳುತ್ತೆ. ಇಂಜಿನ್ ರಿಪೇರಿಗೆ ಹಲ್ಲಿಲ್ಲದ ಒಬ್ಬ ಮುದುಕಿ, ಬಾಯಿ ತೆಗೆದರೆ ಎಲ್ಲರಿಗೂ ಮಂಗಳಾರತಿ. ನಮ್ಮ ಡಿಷ್‌ನಲ್ಲಿ ಅದು ಬರುತ್ತಿದ್ದದ್ದು ತೆಲುಗಿನಲ್ಲಿ. ಕನ್ನಡದಲ್ಲಿ ಇಲ್ಲವೇ ಇಲ್ಲ. ಮಗು ಚಿತ್ರ ನೋಡಿಕೊಂಡು ನಗುತ್ತಾಳೆ, ನಗಲಿ ಬಿಡು ಅಂತ ಸುಮ್ಮನಿದ್ದೆ. ಆ ನಗು ಕೇಳೋದಕ್ಕೇ ನಾನು ಬಸ್ಸಿಳಿದು ಬಿರಬಿರನೆ ಬರುತ್ತಿದ್ದೆ.

ಪಕ್ಕ ಕೂತು ನೋಡತೊಡಗಿದ ಮೇಲೆ ಗೊತ್ತಾಯಿತು, ಕತೆ ನಡುನಡುವೆ ಹಾರುತ್ತೆ. ಮುದುಕಿ ಸ್ನಾನಕ್ಕೆ ಅಂತ ಹೊರಟರೆ ಮರುಕ್ಷಣ ಒದ್ದೆ ತಲೆಯಲ್ಲಿ ಇಂಜಿನ್ ಮುಂದೆ ನಿಂತಿರುತ್ತಾಳೆ. ಅವಳ ಕೈಯಲ್ಲಿರೋ ಸೀಸೆಯ ಮೇಲೆ ಮಂಜು ಕವಿದ ಹಾಗೆ ಮಾಡಿರುತ್ತಾರೆ. "ಪಾಲು" ಅಂತಾಳೆ, ಹಾಲಂತೆ! ಹಾಲು ಕುಡಿದು ಯಾರ ಮೂಗು ಕೆಂಪಗಾಗುತ್ತೆ, ಯಾರು ತೂರಾಡುತ್ತಾರೆ? ಫೋನಿನಲ್ಲಿ ಹುಡುಕಿದೆ. ಜಪಾನಿನಲ್ಲಿ ಅದು ಹೆಂಡವೇ. ಹೊರದೇಶದ ಟೀವಿಯವರು ಹೆಂಡ, ಸ್ನಾನ, ರಕ್ತ ಎಲ್ಲಕ್ಕೂ ಕತ್ತರಿ ಹಾಕುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ಮಕ್ಕಳು ಅಂದರೆ ಏನಂದುಕೊಂಡಿದ್ದಾರೆ ಇವರು, ಬೆಪ್ಪುತಕ್ಕಡಿಗಳು ಅಂತಲಾ? ಟೀವಿಯವರು ಕತ್ತರಿಸಿಬಿಡ್ತಾರೆ ಅಂತ ಮಗುವಿನ ಮುಂದೆಯೇ ಗೊಣಗಿದೆ, ಸ್ಟಾಫ್ ರೂಮಿನಲ್ಲಿ ಈ ವಿಷಯಕ್ಕೆ ದೊಡ್ಡ ಭಾಷಣವನ್ನೇ ಬಿಗಿದೆ. ಎಲ್ಲರೂ ತಲೆಯಾಡಿಸಿದರು. ನಾಚಿಕೆ ಆಗಬೇಕಿತ್ತು ನನಗೆ.

ಗೌರಿ ಹಬ್ಬ ಬಂತು. ಸಾವಾದ ಮನೆ, ಈ ವರ್ಷ ಹಬ್ಬವಿಲ್ಲ. ಮಗುವಿಗೆ "ಅಜ್ಜಿಗೆ ಸೊಂಟನೋವು, ಅದಕ್ಕೇ ಹಬ್ಬ ಮಾಡಲ್ಲ" ಅಂದಿದ್ದೆವು. ಅಮ್ಮ ಕಡ್ಲೆಕಾಯಿ ಸುಲೀತಾ ಕೂತಿದ್ದಳು. ಇದ್ದಕ್ಕಿದ್ದಂತೆ, ತಂಗಿಗೆ ಬಾಗಿನ ಕಳಿಸೋದು ಇನ್ನಿಲ್ಲವಲ್ಲ ಅಂತ ತೆಲುಗಿನಲ್ಲಿ ಶುರುಮಾಡಿದಳು. ನನಗೂ ತಡೆಯಲಾಗಲಿಲ್ಲ. ನಾಲ್ಕು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಕೊನೆಯ ದಿನಗಳಲ್ಲಿ ತಂಗಿ ನನ್ನ ಕೈ ಹಿಡಿದು, "ಮಗೂನ ಕರ್ಕೊಂಡ್ ಬಾರಕ್ಕ, ಒಂದ್ಸಲ ನೋಡ್ಬಿಡ್ತೀನಿ" ಅಂದಳು. ಬೆಳಿಗ್ಗೆ ಒಮ್ಮೆ ಅಂದಳು, ಸಂಜೆ ಇನ್ನೊಮ್ಮೆ ಅಂದಳು. ನಾನು ಕರೆತರಲಿಲ್ಲ. ಮೂಗಿಗೆ ಕೈಗೆ ನಳಿಕೆ ಹಾಕಿದ್ದನ್ನು ಮಗು ನೋಡಬಾರದು ಅಂತ ನಾನೇ ತೀರ್ಮಾನ ಮಾಡಿದೆ. ಕೇಳಿದ ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಮಗು ಹೊಸ್ತಿಲ ಹತ್ತಿರ ಬೋರಲು ಮಲಗಿ ಆಕಾಶನೌಕೆಯ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

ಪಿತೃಪಕ್ಷ ನಡೆಯುತ್ತಿತ್ತು. ಅಮಾವಾಸ್ಯೆಗೆ ತಂಗಿಗೆ ಎಡೆ ಇಡಬೇಕು, ಆದರೆ ಮಗು ಶಾಲೆಗೆ ಹೋದಮೇಲೆ ಇಡೋಣ, ಅವಳು ಬರೋದರೊಳಗೆ ಎಲ್ಲ ತೆಗೆದುಬಿಡೋಣ ಅಂತ ನಾನೂ ಅಮ್ಮನೂ ಮಾತಾಡಿಕೊಂಡಿದ್ದೆವು. ಅದೂ ತೆಲುಗಿನಲ್ಲಿ. ಫೋಟೋ ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಯಲ್ಲಿತ್ತು.

ಆ ದಿನಗಳಲ್ಲೇ ಒಂದು ಸಂಜೆ ಕಾರ್ಟೂನಿನಲ್ಲಿ ಇಂಜಿನ್ನಿಗೆ ಬೆಂಕಿ ಹತ್ತಿತು. ಮುದುಕಿ ಎಲ್ಲರನ್ನೂ ಬೈದು ಆಚೆ ತಳ್ಳಿ ತಾನೊಬ್ಬಳೇ ಒಳಕ್ಕೆ ಹೋದಳು. ಅಷ್ಟರಲ್ಲಿ ಕತೆ ಹಾರಿತು. ಎಲ್ಲರೂ ಮೇಜಿನ ಸುತ್ತ ಕೂತಿದ್ದಾರೆ, ಸಾರು ಮುಂದಿದೆ, ಯಾರೂ ಮುಟ್ಟುತ್ತಿಲ್ಲ. ಕ್ಯಾಪ್ಟನ್ನಿನ ಕೆನ್ನೆ ಮೇಲೆ ನೀರು. ದನಿ ಮಾತ್ರ ಜಾತ್ರೆಗೆ ಹೊರಟವನ ಹಾಗೆ ಏನೋ ಹೇಳಿತು.

"ರಜಕ್ಕೆ ಹೋದ್ರೆ ಇವ್ರೆಲ್ಲ ಯಾಕೆ ಅಳ್ತಾವ್ರೆ ದೊಡ್ಡಮ್ಮ?" ಮಗು ಕೇಳಿದಳು.

"ರಜ ಅಂತ ನಿಂಗ್ಯಾರೇ ಹೇಳಿದ್ದು?"

"ಅವ್ನೇ ಹೇಳಿದ್ನಲ್ಲ, ಅವ್ವ ಸೆಲವುಲಕಿ ವೇರೇ ಗ್ರಹಾನಿಕಿ ವೆಳ್ಳಿಂದಿ ಅಂತ. ಅಜ್ಜಿ ರಜಕ್ಕೆ ಬೇರೆ ಗ್ರಹಕ್ಕೆ ಹೋದ್ಲಂತೆ." ಕ್ಯಾಪ್ಟನ್ನಿನ ರಾಗವನ್ನೂ ಬಿಡದೆ ಹೇಳಿದಳು.

ಹಬ್ಬದ ದಿನ ಹೊಸ್ತಿಲ ಹತ್ತಿರ ಬೋರಲು ಮಲಗಿದ್ದ ಮಗು ಕಣ್ಣ ಮುಂದೆ ಬಂತು.

"ನಾನೂ ಅಜ್ಜೀನೂ ಮಾತಾಡೋದು ನಿಂಗೆ ಅರ್ಥ ಆಗ್ತದೇನಮ್ಮ?"

ಅವಳು ಟೀವಿ ಕಡೆಯೇ ನೋಡುತ್ತಾ ಹೌದು ಅಂತ ತಲೆಯಾಡಿಸಿದಳು.

"ಅಯ್ಯೋ ನನ್ನ ಕಂದ, ಯಾಕೇ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮಾತಾಡೋದು ನಿಲ್ಲಿಸ್ಬಿಡ್ತಿದ್ರಿ. ಅಮ್ಮನ ವಿಷಯ ಆಮೇಲೆ ಯಾರು ಹೇಳೋರು?"

ನಾನು ಟೀವಿ ಆರಿಸಿದೆ. ಬೀರು ತೆಗೆದು ಸೀರೆಗಳ ಅಡಿಯಿಂದ ಫೋಟೋ ತಂದು ಅವಳ ತೊಡೆಯ ಮೇಲಿಟ್ಟೆ. "ನಿಮ್ಮಮ್ಮ ತೀರ್ಕೊಂಡ್ಲು ಕಣಮ್ಮ" ಅಂದೆ. ಆ ಮಾತನ್ನು ನಾನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು. ಹೇಳಿ ನಾನೇ ಹೋ ಅಂತ ಅತ್ತುಬಿಟ್ಟೆ. ಒಳಗಿಂದ ಅಮ್ಮ ಓಡಿಬಂದಳು. ಮಗು ಫೋಟೋದ ಗಾಜನ್ನು ಲಂಗದ ಅಂಚಿನಿಂದ ಒರೆಸುತ್ತಾ ಕೂತಿತ್ತು.

ಆಮೇಲೆ, "ಟೀವಿಯವ್ರು ಕತ್ತರಿಸಿದ್ದು ನಿನ್ ಫೋನಲ್ಲಿ ಬರ್ತದಾ?" ಅಂತ ಕೇಳಿದಳು. ಬೇಡ ಅನ್ನೋ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹುಡುಕಿ ತೋರಿಸಿದೆ. ಜಪಾನೀ ಭಾಷೆ, ಮೂವರಿಗೂ ಒಂದಕ್ಷರ ಬಾರದು. ಆದರೂ ಎಲ್ಲ ಅರ್ಥವಾಯಿತು. ಮುದುಕಿ ನೆಲದ ಮೇಲೆ ಮಲಗಿದ್ದಾಳೆ. ಆ ಹೇಡಿ ಕ್ಯಾಪ್ಟನ್ ಬೆಂಕಿಗೂ ಹೆದರದೆ ಬಂದು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಿದ್ದಾನೆ. ಮುದುಕಿ ಅವನಿಗೆ ಏನೋ ಬೈಯುತ್ತಾಳೆ, ಅವನು ಅಳುತ್ತಾ ನಗುತ್ತಾನೆ. ಆಮೇಲೆ ಅವಳ ಬಾಯಿ ನಿಲ್ಲುತ್ತೆ. ಅಷ್ಟೇ. ಅದರಲ್ಲಿ ಮಗು ನೋಡಬಾರದ್ದು ಏನೂ ಇರಲಿಲ್ಲ.

"ಅಮ್ಮನ ಕೈ ಯಾರು ಹಿಡ್ಕೊಂಡಿದ್ರು?"

"ನಾನೇ ಕಣಮ್ಮ."

"ನಾನ್ಯಾಕೆ ಬರ್ಲಿಲ್ಲ ಅಂತ ಅಮ್ಮಂಗೆ ಏನು ಹೇಳ್ದೆ?"

ಇದನ್ನು ನಾನು ಅಮ್ಮನಿಗೂ ಹೇಳಿರಲಿಲ್ಲ, ಯಾವ ಭಾಷೆಯಲ್ಲೂ. "ನಿಂಗೆ ಪರೀಕ್ಷೆ ಇದೆ, ಮುಗಿಸ್ಕೊಂಡು ಬರ್ತೀಯ ಅಂದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ತಪ್ಪು ಲೆಕ್ಕ ತಿದ್ದೋ ಮಗುವಿನ ದನಿ. "ಪರೀಕ್ಷೆ ಮುಗಿದಿತ್ತಲ್ಲ ದೊಡ್ಡಮ್ಮ. ನನ್ ಮಾರ್ಕ್ಸ್ ಕಾರ್ಡು ಅಮ್ಮನ ಬ್ಯಾಗಲ್ಲೇ ಇತ್ತು."

ಇತ್ತು. ಆ ಬ್ಯಾಗು ಆಸ್ಪತ್ರೆಯಲ್ಲಿ ತಂಗಿಯ ದಿಂಬಿನ ಪಕ್ಕದಲ್ಲೇ ಇತ್ತು. ನಾನು ಪರೀಕ್ಷೆ ಅಂದಾಗ ತಂಗಿ ನನ್ನ ಮುಖವನ್ನೇ ನೋಡಿದಳು. "ಸರಿ ಬಿಡಕ್ಕ, ಚೆನ್ನಾಗಿ ಬರೀಲಿ" ಅಂದಳು. ಆಮೇಲೆ ಮಗುವನ್ನು ಕರ್ಕೊಂಡ್ ಬಾ ಅಂತ ಒಮ್ಮೆಯೂ ಕೇಳಲಿಲ್ಲ.