ಬಾಗಿಲು ಹಾಕಿದ ವ್ಯಾನ್

ಹೋದ ವಾರ ಸೋಫಾ ರಿಪೇರಿಗೆ ಬಂದವರು ಗಮ್ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಓಡಿಹೋಗಿ ಮನೆಯ ಕಿಟಕಿಗಳನ್ನೆಲ್ಲ ತೆರೆದೆ. ಅವರು ನಕ್ಕರು. ನಾನು ಹೊರಬಾಗಿಲನ್ನೂ ತೆರೆದಿಟ್ಟೆ.

ಲಗ್ಗೆರೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಎದುರಿಗೇ ಒಂದು ಕುಷನ್ ಶೆಡ್ ಇತ್ತು. ಅಲ್ಲಿನ ಅಣ್ಣ ಆಟೋ, ವ್ಯಾನುಗಳಿಗೆ ಸೀಟು ಹೊಲಿಯುತ್ತಿದ್ದರು. ಆ ವರ್ಷ ವಿಜಯನಗರದ ಒಂದು ಕುಟುಂಬ ಹಳೇ ವ್ಯಾನ್ ತಂದು, ಅದರಲ್ಲೇ ಮಲಗಿ, ಅಡುಗೆ ಮಾಡಿಕೊಂಡು ಊರೂರು ಸುತ್ತುವ ಹಾಗೆ ಮಾಡಿಕೊಡಿ ಎಂದು ಒಪ್ಪಿಸಿತ್ತು. ಬಿಸಿಲಿಗೆ ಕಾಯಬಾರದು, ಲಾರಿಗಳ ಸದ್ದು ಒಳಗೆ ಕೇಳಬಾರದು. ಅಣ್ಣ ಒಳಗಿನ ತಗಡಿಗೆ ಗಮ್ ಬಳಿದು, ದಪ್ಪ ರಬ್ಬರ್ ಹಾಳೆ ಅಂಟಿಸಿ, ಸುತ್ತಿಗೆಯಿಂದ ಬಡಿದು ಕೂರಿಸುತ್ತಿದ್ದರು. ಮೇಲೊಂದು ಪದರ ಫೋಮ್.

ನನಗೆ ಬಿ.ಎಸ್ಸಿ. ಕೊನೆಯ ಪರೀಕ್ಷೆ. ಗಾರೆ ಕೆಲಸದ ಅಪ್ಪನ ಮಗಳು, ನಮ್ಮ ವಂಶದಲ್ಲೇ ಡಿಗ್ರಿ ಮಾಡಿದ ಮೊದಲಿಗಳು. ಈಗಲೂ ಜಂಬದಿಂದಲೇ ಹೇಳುತ್ತೇನೆ. ಆ ಜಂಬದಲ್ಲೇ ಒಂದು ಮಧ್ಯಾಹ್ನ ರಸ್ತೆ ದಾಟಿ ಹೋದೆ.

"ಅಣ್ಣ, ಬಾಗ್ಲಾದ್ರೂ ಹಾಕ್ಕೊಂಡು ಬಡೀರಿ. ಒಂದಕ್ಷರ ತಲೆಗೆ ಹೋಗ್ತಿಲ್ಲ."

"ಆಯ್ತು ಮೇಡಮ್ಮೋರೆ. ಆಮೇಲೆ ಫೇಲಾದ್ರೆ ತಪ್ಪೆಲ್ಲ ನನ್ ಸುತ್ತಿಗೆ ಮೇಲೆ ಹಾಕ್ತೀರಿ!" ಎಂದು ನಕ್ಕು ಒಳಗಿನಿಂದ ವ್ಯಾನಿನ ಬಾಗಿಲು ಎಳೆದುಕೊಂಡರು.

ಬಡಿತ ದೂರದಲ್ಲೆಲ್ಲೋ ಎಂಬಂತಾಯಿತು. ಆಮೇಲೆ ಅದೂ ಇಲ್ಲ. ಎಷ್ಟು ಚೆನ್ನಾಗಿ ಸದ್ದು ಕಟ್ಟಿಹಾಕಿದ್ದಾರೆ ಅಂದುಕೊಂಡು ಎರಡು ಪಾಠ ಮುಗಿಸಿದೆ... ಓದುತ್ತಿದ್ದುದು ರಸಾಯನಶಾಸ್ತ್ರ. ಮುಚ್ಚಿದ ಜಾಗದಲ್ಲಿ ತುಂಬಿ ಉಸಿರುಗಟ್ಟಿಸುವ ಆವಿಗಳ ಬಗ್ಗೆಯೇ ಒಂದು ಪುಟ ಬಂತು. ಗಮ್ ಬಳಿಯುವಾಗ ಅಣ್ಣ ಎರಡೂ ಬಾಗಿಲು ಯಾಕೆ ತೆರೆದಿಡುತ್ತಿದ್ದರೆಂಬುದು ಆಗ ಹೊಳೆಯಿತು.

ಓಡಿದೆ. ವ್ಯಾನಿಗೆ ಕಿವಿಯಿಟ್ಟೆ. ಏನೂ ಇಲ್ಲ. ಕೂಗಿದೆ, ಗುದ್ದಿದೆ, ಆ ಗೋಡೆ ನನ್ನ ದನಿಯನ್ನೂ ನುಂಗಿತು. ಬಿಗಿದಿದ್ದ ಬಾಗಿಲನ್ನು ಎರಡೂ ಕೈಯಲ್ಲಿ ಜಗ್ಗಿ ಸರಿಸಿದಾಗ ಗಮ್ಮಿನ ಘಾಟು ಮುಖಕ್ಕೆ ರಾಚಿತು. ಅಣ್ಣ ಅಂಗಾತ ಬಿದ್ದಿದ್ದರು. ಬ್ರಶ್ ಇನ್ನೂ ಕೈಯಲ್ಲೇ. ಉಸಿರಿದೆಯೋ ಇಲ್ಲವೋ...

ಕಾಲು ಹಿಡಿದು ಹೊರಗೆಳೆದೆ. ಗಾಳಿ ತಾಗಿದ ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದರು. ಅವರ ಹೆಂಡತಿ ಓಡಿಬಂದರು.

"ಬುದ್ಧಿ ಐತೇನ್ರೀ ನಿಮ್ಗೆ? ಬಾಗ್ಲು ಯಾಕ್ ಹಾಕ್ಕೊಂಡ್ರಿ?"

ಅಣ್ಣ ನನ್ನ ಕಡೆ ಒಮ್ಮೆ ನೋಡಿದರು. "ಧೂಳು ಕಣೇ... ಗಮ್ ಮೇಲೆ ಕೂರ್ತಿತ್ತು."

ನಾನು ರಸ್ತೆ ದಾಟಿ ಮತ್ತೆ ಪುಸ್ತಕದ ಮುಂದೆ ಕೂತೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದೆ, ಕೆಲಸ ಸಿಕ್ಕಿತು, ಬಸವೇಶ್ವರನಗರಕ್ಕೆ ಬಂದೆವು. ಅಣ್ಣ ತೀರಿಕೊಂಡ ಸುದ್ದಿ ತಿಳಿದಾಗಲೂ ಆ ಕಡೆ ಹೋಗುವ ಧೈರ್ಯವಾಗಲಿಲ್ಲ.

ನಿನ್ನೆ ಕೊನೆಗೂ ಲಗ್ಗೆರೆಗೆ ಹೋದೆ. ಅಣ್ಣನ ಹೆಂಡತಿ, ಅಕ್ಕ, ಒಬ್ಬರೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಕೈ ಎರಡನ್ನೂ ಹಿಡಿದುಕೊಂಡರು.

"ಅವತ್ತು ನೀನಿಲ್ದಿದ್ರೆ ಅವ್ರು ಅಲ್ಲೇ ಹೋಗ್ಬಿಡ್ತಿದ್ರು ಕಣಮ್ಮ. ಅಷ್ಟು ವರ್ಷ ನನ್ ಜೊತೆ ಇದ್ದಿದ್ದು ನಿನ್ನಿಂದ."

ಬಾಗಿಲು ಹಾಕಿಸಿದ್ದು ನಾನೇ ಎಂದು ಹೇಳಲೆಂದೇ ಹೋದವಳು, ಆ ಕೈ ಬಿಡಿಸಿಕೊಳ್ಳಲು ಹೆದರಿ ಹಾಗೇ ಕೂತೆ.